ಸಂಜೆಯ ಶಾಲೆ

ಕೆಲವು ವರ್ಷಗಳ ಹಿಂದೆ ಮಗನ ಮನೆಗೆಂದು ಅಮೆರಿಕದ ಸ್ಯಾನ್ ಹೊಸೆ ನಗರಕ್ಕೆ ಹೋಗಿದ್ದೆ. ಅಲ್ಲಿನ ಸರಕಾರಿ ವಿಶ್ವವಿದ್ಯಾನಿಲಯದ ಆವರಣದಲ್ಲಿ ಹಳೆಯದೊಂದು ಗಂಟೆಯನ್ನು ಜೋಪಾನವಾಗಿ ಇರಿಸಿದ್ದಾರೆ. ಅದರ ಮೇಲೆ ‘ಕ್ಯಾಲಿಫೋರ್ನಿಯಾ ಸ್ಟೇಟ್ ನಾರ್ಮಲ್ ಸ್ಕೂಲ್’ ಎಂಬ ಬರಹವೂ 1881 ಎಂಬ ಇಸವಿಯೂ ಇವೆ. ರೈಲು ಕಂಬಿಯ ತುಂಡನ್ನು ಬಡಿಸಿ ಶಾಲೆ ನಡೆಸಿದ ನನಗೆ ಗಂಟೆ ಕಂಡರೆ ಕಾಲು ತಾನಾಗಿ ನಿಲ್ಲುತ್ತದೆ. ಅಂದು ಹೆಚ್ಚು ಹೊತ್ತು ನಿಲ್ಲಿಸಿದ್ದು ಆ ಹೆಸರು. ಶಿಕ್ಷಕರ ತರಬೇತಿ ಶಾಲೆಯನ್ನು ನಮ್ಮ ಹಿರಿಯರೂ ನಾರ್ಮಲ್ ಶಾಲೆ ಎಂದೇ ಕರೆಯುತ್ತಿದ್ದರು. ಫ್ರಾನ್ಸಿನಿಂದ ಬಂದ ಈ ಹೆಸರಿಗೆ ಸಾಮಾನ್ಯ ಶಾಲೆ ಎಂಬ ಅರ್ಥವಲ್ಲ. ಬೋಧನೆಗೆ ಮೇಲ್ಪಂಕ್ತಿಯಾಗುವ ಶಾಲೆ ಎಂದರ್ಥ.

ಆ ವಿಶ್ವವಿದ್ಯಾನಿಲಯದ ಮೂಲ 1857ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೆರೆದ ಒಂದು ಸಂಜೆಯ ಶಾಲೆ. ಚಿನ್ನದ ಆಸೆಗೆ ಜನ ನುಗ್ಗಿ ಬಂದು ಬೆಳೆದ ಆ ಊರಿನಲ್ಲಿ ಮಕ್ಕಳಿದ್ದರು, ತರಬೇತಾದ ಅಧ್ಯಾಪಕರು ಸಾಲದಾಗಿದ್ದರು. ಹಗಲು ಪಾಠ ಹೇಳುತ್ತಿದ್ದವರೇ ಸಂಜೆ ಜಾರ್ಜ್ ಮಿನ್ಸ್ ಎಂಬವರ ಮುಂದೆ ವಿದ್ಯಾರ್ಥಿಗಳಾಗಿ ಕುಳಿತರು. 1862ರಲ್ಲಿ ರಾಜ್ಯವು ಅದನ್ನು ತನ್ನದಾಗಿಸಿಕೊಂಡಿತು. 1871ರಲ್ಲಿ ಶಾಲೆ ಸ್ಯಾನ್ ಹೊಸೆಗೆ ಬಂತು. 1880ರಲ್ಲಿ ಕಟ್ಟಡ ಬೆಂಕಿಗೆ ಆಹುತಿಯಾಯಿತು. ಮರುವರ್ಷವೇ ಎರಕ ಹೊಯ್ಯಿಸಿದ್ದು ನಾನು ಕಂಡ ಗಂಟೆ. 1882ರಲ್ಲಿ ಲಾಸ್ ಏಂಜಲೀಸಿನಲ್ಲಿ ತೆರೆದ ಅದರ ಶಾಖೆಯೇ ಇಂದು ಜಗತ್ತಿಗೆಲ್ಲ ಪರಿಚಿತವಾದ ಯು.ಸಿ.ಎಲ್.ಎ. ಮೂಲ ಶಾಲೆ 1921ರಲ್ಲಿ ಶಿಕ್ಷಕರ ಕಾಲೇಜಾಗಿ, 1935ರಲ್ಲಿ ರಾಜ್ಯ ಕಾಲೇಜಾಗಿ, 1974ರಲ್ಲಿ ಸ್ಯಾನ್ ಹೊಸೆ ಸ್ಟೇಟ್ ವಿಶ್ವವಿದ್ಯಾನಿಲಯವಾಯಿತು. ಇಂದು ಅಲ್ಲಿ ಇಂಜಿನಿಯರಿಂಗಿನದೇ ದೊಡ್ಡ ಹೆಸರು. ಆದರೂ ಶಿಕ್ಷಕರನ್ನು ರೂಪಿಸುವ ಕೆಲಸ ನಿಂತಿಲ್ಲ.

ಇದನ್ನು ತಿಳಿದಾಗ ನನಗೆ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಯಿತು. ಕಾರಣ ಹೇಳಬೇಕು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಗಡಿ ಸರಿದರೂ ನಮ್ಮ ಮಕ್ಕಳು ಕಲಿಯುವ ಭಾಷೆ ಸರಿಯಲಿಲ್ಲ. ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಕನ್ನಡ ಮಾಧ್ಯಮದ ತರಗತಿಗೆ ಗಣಿತ ಹೇಳಲು ಕನ್ನಡವರಿಯದ ತರುಣರೊಬ್ಬರು ನೇಮಕವಾಗಿ ಬಂದರು. ಒಳ್ಳೆಯ ಗಣಿತಜ್ಞ, ಸಜ್ಜನ. ಪಾಠ ಮಾತ್ರ ಮಕ್ಕಳಿಗೆ ಮುಟ್ಟಲಿಲ್ಲ. ಊರವರು ಪ್ರತಿಭಟಿಸಿದರು, ನಾನೂ ಮನವಿಗೆ ರುಜು ಹಾಕಿದೆ. ಉತ್ತರ ಬರಲಿಲ್ಲ. ಒಂದು ಸಂಜೆ ಅವರೇ ಪಠ್ಯಪುಸ್ತಕ ಹಿಡಿದು ಬಂದು, “ಸರ್, ಛೇದ ಎಂದರೇನು? ಹುಡುಗಿಯೊಬ್ಬಳು ಕೇಳಿದಳು, ನನಗೆ ಗೊತ್ತಾಗಲಿಲ್ಲ” ಎಂದು ತಲೆ ತಗ್ಗಿಸಿದರು. ಅಂದಿನಿಂದ ಶಾಲೆ ಬಿಟ್ಟ ಮೇಲೆ ಜಗಲಿಯಲ್ಲಿ ಒಂದು ಗಂಟೆ ಅವರಿಗೆ ಕನ್ನಡ ಕಲಿಸಿದೆ. ದೀಪಾವಳಿಯ ಹೊತ್ತಿಗೆ ಅವರು ಭಿನ್ನರಾಶಿಯನ್ನು ಕನ್ನಡದಲ್ಲೇ ವಿವರಿಸತೊಡಗಿದ್ದರು. ಮರುವರ್ಷ ಅವರಿಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದವರೂ ಕನ್ನಡವರಿಯದವರೇ. ಆದರೆ ಈ ಸಲ ನಾನು ಜಗಲಿಯಲ್ಲಿ ಕೂರಲಿಲ್ಲ. ಬೇಸರದಿಂದ ಮನವಿ ಬರೆದು ಕೈತೊಳೆದುಕೊಂಡೆ. ಆ ವರ್ಷದ ಮಕ್ಕಳ ಸೋಲಿನಲ್ಲಿ ನನ್ನ ಪಾಲೂ ಇದೆ.

ಕನ್ನಡ ಬಲ್ಲ ಅಧ್ಯಾಪಕರನ್ನು ಕೇಳುವುದು ನಮ್ಮ ಹಕ್ಕು; ಅದನ್ನು ಬಿಡಲಾಗದು. ಆದರೆ ಉತ್ತರ ಬರುವ ತನಕ ತರಗತಿಯ ಮಕ್ಕಳು ಕಾಯಲಾರರು. ನಮ್ಮಲ್ಲಿ ನಿವೃತ್ತ ಅಧ್ಯಾಪಕರಿಗೆ ಕೊರತೆಯಿಲ್ಲ, ಜಗಲಿಗೂ ಕೊರತೆಯಿಲ್ಲ. ಸಂಘವು ಮನಸ್ಸು ಮಾಡಿದರೆ ವಾರಕ್ಕೊಂದು ಸಂಜೆ ನಾನು ಬರಬಲ್ಲೆ. ಗಂಟೆ ಬೇಕಾದರೆ ಆ ಕಂಬಿಯ ತುಂಡು ಈಗಲೂ ಶಾಲೆಯ ಮಾವಿನ ಮರದಲ್ಲಿ ತೂಗುತ್ತಿದೆ.