ಮೂರು ದಿನ ಬರೀ ಸಾಣೆ

ಡಿಸೈನ್ ಓದೋ ಹುಡುಗರಿಗೆ ಮೊದಲ ಸೆಮಿಸ್ಟರ್‌ನಲ್ಲಿ ಲ್ಯಾಪ್‌ಟಾಪ್ ಬೇಡ, ಒಂದು ಮೊಂಡ ಉಳಿ ಕೊಡಿ. ದಿನವಿಡೀ ಸ್ಕ್ರೀನ್ ನೋಡಿ ಸಂಬಳ ತಗೊಳ್ಳೋ ನಾನು ಹೀಗಂದ್ರೆ ಆಫೀಸಿನಲ್ಲಿ ನಗ್ತಾರೆ. ನಗಲಿ. ಅಕ್ಕನ ಮಗಳು ಔರಾದ ತಾಲ್ಲೂಕಿನ ನಮ್ಮೂರಲ್ಲಿ ಎರಡು ವಾರ ಏನು ಕಲಿತಳು ಅಂತ ನಾನು ರಜೆ ಹಾಕಿ ಕೂತು ನೋಡಿದ್ದೀನಿ.

ಅವಳದು ಬೆಂಗಳೂರಿನಲ್ಲಿ ಪ್ರಾಡಕ್ಟ್ ಡಿಸೈನ್. ಮೊಳೆ, ಅಂಟು ಇಲ್ಲದ ಒಂದು ಸ್ಟೂಲನ್ನ ಊರಿನ ಕುಶಲಕರ್ಮಿಯ ಹತ್ರ ಕಲಿತು ಮಾಡಬೇಕಿತ್ತು. ಕಂಪ್ಯೂಟರ್‌ನಲ್ಲಿ ಸ್ಟೂಲ್ ಆಗಲೇ ರೆಡಿ. ಕಾಲಿನ ತುದಿ ಹಲಗೆಯ ತೂತಿನೊಳಗೆ ಅರ್ಧ ಮಿಲಿಮೀಟರ್ ಸಂದಿ ಬಿಟ್ಟು ಕೂತಿತ್ತು. ಬಡಿಗೇರ ಅಜ್ಜ ಸ್ಕ್ರೀನ್ ನೋಡಿ "ಛಂದ ಅದ" ಅಂದ್ರು. ಆಮೇಲೆ ಸಾಣೆಕಲ್ಲು ಮುಂದಿಟ್ಟರು.

ಮೂರು ದಿನ ಬರೀ ಸಾಣೆ. ಹಳೇ ಲಾರಿಯ ಕಮಾನುಪಟ್ಟಿಯಿಂದ ಭಾಲ್ಕಿಯ ಕಮ್ಮಾರ ಬಡಿದು ಕೊಟ್ಟ ಉಳಿ ಅದು. ಉಜ್ಜುವಾಗ ಮಣಿಕಟ್ಟು ಸ್ವಲ್ಪ ಅಲ್ಲಾಡಿದ್ರೂ ಅಂಚು ದುಂಡಾಗ್ತದೆ, ಮತ್ತೆ ಮೊದಲಿಂದ ಶುರು. "ಮೊಂಡ ಉಳಿಗೆ ಜೋರು ಹಾಕಬೇಕಾಗ್ತದ ಅವ್ವಾ, ಜೋರು ಹಾಕಿದ್ರ ಅದು ಕೈಗೇ ಬರ್ತದ" ಅಂತಿದ್ರು ಅಜ್ಜ. ಮುಂಗೈ ಕೂದಲು ಬೋಳಿಸೋ ಹಾಗಾದ ಮೇಲೇ ಕಟ್ಟಿಗೆ ಮುಟ್ಟೋಕೆ ಬಿಟ್ಟಿದ್ದು.

ಕಟ್ಟಿಗೆಗೂ ಒಂದು ದಿಕ್ಕು ಇರ್ತದೆ. ಎಳೆಯ ಜೊತೆ ರಂದಾ ಹೊಡೆದ್ರೆ ರಿಬ್ಬನ್ ಬರ್ತದೆ, ಎದುರು ಹೊಡೆದ್ರೆ ಚಕ್ಕೆ ಕಿತ್ತು ಬರ್ತದೆ. ಅವಳ ಸಾಫ್ಟ್‌ವೇರ್‌ಗೆ ಈ ಎಳೆ ಬರೀ ಮೇಲೆ ಅಂಟಿಸೋ ಒಂದು ಚಿತ್ರ. ಕಂಟ್ರೋಲ್ ಝಡ್ ಒತ್ತಿದ್ರೆ ಅಲ್ಲಿ ಕಿತ್ತ ಚಕ್ಕೆ ವಾಪಸ್ ಕೂರ್ತದೆ, ಇಲ್ಲಿ ಹಲಗೆಯೇ ತೆಳ್ಳಗಾಗ್ತದೆ.

ಆ ಅರ್ಧ ಮಿಲಿಮೀಟರ್ ಬಗ್ಗೆ ಅಜ್ಜ ಕೇಳಿದ್ದು ಒಂದೇ ಪ್ರಶ್ನೆ: "ಕಟ್ಟಿಗಿ ಯಾವಾಗ ಕಡದದ್ದು?" ಕೂರಿಗೆ ಮಾಡುವಾಗ ತಾಳುಗಳು ಪೂರಾ ಒಣಗಿರಬೇಕು, ಅವು ಕೂಡೋ ದಿಂಡಿನಲ್ಲಿ ತುಸು ಹಸಿ ಇರಬೇಕು. ದಿಂಡು ಒಣಗ್ತಾ ಒಣಗ್ತಾ ತೂತು ಕುಗ್ಗಿ ತಾಳನ್ನ ಗಟ್ಟಿ ಹಿಡ್ಕೋತದೆ. ತೀರಾ ಹಸಿ ಇದ್ರೆ ಸೀಳ್ತದೆ. ಅಂದ್ರೆ ಅಳತೆಗೆ ತಿಂಗಳೂ ಸೇರ್ತದೆ. ಇದನ್ನ ತುಂಬೋಕೆ ಅವಳ ಡ್ರಾಯಿಂಗ್‌ನಲ್ಲಿ ಜಾಗವೇ ಇರಲಿಲ್ಲ.

ಭಾನುವಾರ ಬೀದರ್‌ಗೆ ಹೋದ್ವಿ. ಕೋಟೆಯ ರಂಗೀನ್ ಮಹಲ್‌ನಲ್ಲಿ ಕೆತ್ತಿದ ಮರದ ಕಂಬಗಳಿವೆ, ಒಳಗೆ ಕಪ್ಪುಕಲ್ಲಿನಲ್ಲಿ ಕೂರಿಸಿದ ಮುತ್ತಿನಚಿಪ್ಪು. ಎಲ್ಲರೂ ಚಿಪ್ಪಿನ ಫೋಟೋ ತೆಗೀತಾರೆ, ಇವಳು ಕಂಬದ ಮುಂದೆ ನಿಂತಳು. ಆಮೇಲೆ ಬಿದರಿ ಕೆಲಸ ನೋಡಿದ್ವಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಗೀರು ತೋಡಿ, ಬೆಳ್ಳಿ ಬಡಿದು ಕೂರಿಸ್ತಾರೆ. ಕೋಟೆಯ ಮಣ್ಣು, ನವಸಾಗರ ತಾಗಿದ ಮೇಲೆ ಲೋಹ ಕಪ್ಪಾಗ್ತದೆ, ಬೆಳ್ಳಿ ಹಾಗೇ ಉಳೀತದೆ. "ಮಾಮಾ, ಇಲ್ಲೂ ಅಂಟಿಲ್ಲ" ಅಂದಳು. ಈ ಕೆಲಸಕ್ಕೇ 2023ರಲ್ಲಿ ಬೀದರ್‌ನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು.

ಸ್ಟೂಲ್ ಆಯ್ತು. ಗಟ್ಟಿಯಾಗಿದೆ, ಕೂರಬಹುದು. ತಕರಾರು ಬಂದದ್ದು ರಿಪೋರ್ಟ್‌ನಲ್ಲಿ. ಅದರಲ್ಲಿ "ಗೈಡ್" ಅನ್ನೋ ಕಾಲಂ ಡಿಗ್ರಿ ಇದ್ದವರಿಗೆ ಮಾತ್ರ. ಅಜ್ಜನಿಗೆ ಸಿಕ್ಕಿದ್ದು ಕೊನೇ ಪುಟದ "ಮಾಹಿತಿದಾರರು" ಅನ್ನೋ ಸಾಲು. ಗೌರವಧನವೂ ಗೈಡ್‌ಗೇ.

ಇದು ಹಳೇ ರೋಗ. 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಶುರುವಾದ ಬೌಹೌಸ್ ಶಾಲೆಯಲ್ಲಿ ಒಂದೊಂದು ಕಾರ್ಯಾಗಾರಕ್ಕೆ ಇಬ್ಬರು ಮೇಷ್ಟ್ರು, ರೂಪ ಕಲಿಸೋಕೆ ಕಲಾವಿದ, ಕೈಕೆಲಸಕ್ಕೆ ಕುಶಲಕರ್ಮಿ. ಎಷ್ಟು ಒಳ್ಳೇ ಏರ್ಪಾಟು! ಆದ್ರೆ ಮೇಷ್ಟ್ರ ಮಂಡಳಿಯಲ್ಲಿ ಕುಶಲಕರ್ಮಿಗೆ ಮತ ಇರಲಿಲ್ಲ. ನಮ್ಮಲ್ಲಿ 2023ರಲ್ಲಿ ಯುಜಿಸಿ ಕುಶಲಕರ್ಮಿಗಳನ್ನ ಕಾಲೇಜಿಗೇ ಕರೆಸಿ ಪಾಠ ಮಾಡಿಸಿ ಅಂತ ಮಾರ್ಗಸೂಚಿ ಕೊಟ್ಟಿದೆ. ಫಾರಂ ಮಾತ್ರ ಹಳೇದೇ.

ಅಜ್ಜನ ಮಗ ಹೈದರಾಬಾದ್‌ನಲ್ಲಿ ಪ್ಲೈವುಡ್ ಕೊಯ್ದು ಅಡುಗೆಮನೆ ಫಿಟ್ ಮಾಡ್ತಾನೆ. ದುಡಿಮೆ ಚೆನ್ನಾಗಿದೆ, ವಾಪಸ್ ಬರೋಲ್ಲ. ಎರಡು ವಾರ ಇವಳು ಬಂದು ಕೂತದ್ದು ಬಿಟ್ರೆ ಈ ವರ್ಷ ಅಜ್ಜನ ಹತ್ರ ಉಳಿ ಹಿಡಿಯೋಕೆ ಇನ್ಯಾರೂ ಬಂದಿಲ್ಲ.

ಅವಳು "ಗೈಡ್" ಕಾಲಂನಲ್ಲಿ ಅಜ್ಜನ ಹೆಸರು ಬರೆದು ಕಳಿಸಿದಳು. ಕಾಲೇಜಿನಿಂದ ವಾಪಸ್ ಬಂತು, ತಿದ್ದಿ ಕೊಡಿ ಅಂತ. ಶುಕ್ರವಾರ ಕೊನೇ ದಿನ. ಅವಳು ಇನ್ನೂ ತಿದ್ದಿಲ್ಲ.