ಐವತ್ತು ಮೈಲಿಗೆ ಇನ್ನೂರು ಮೈಲಿ ಸುತ್ತು

ಅಮೆರಿಕದ ಡೆನ್ವರ್‌ನಿಂದ ಪಶ್ಚಿಮಕ್ಕೆ, ಯೂಟಾ ಕಡೆಗೆ ಹೋಗುವ ನೇರ ದಾರಿ ಐ-70 ಹೆದ್ದಾರಿ. ಹನ್ನೊಂದು ಸಾವಿರ ಅಡಿಗೂ ಎತ್ತರದಲ್ಲಿರುವ ಐಸೆನ್‌ಹೋವರ್ ಸುರಂಗ ದಾಟಿ, ವೇಲ್ ಕಣಿವೆ ಇಳಿದು ಮುಂದೆ ಹೋದರೆ ಗ್ಲೆನ್‌ವುಡ್ ಕಣಿವೆ ಸಿಗುತ್ತದೆ. ಸುಮಾರು ಹನ್ನೆರಡು ಮೈಲಿ ಉದ್ದ. ಒಂದು ದಡದಲ್ಲಿ ಹೆದ್ದಾರಿ, ನಡುವೆ ಕೊಲೊರಾಡೊ ನದಿ, ಆಚೆ ದಡದಲ್ಲಿ ರೈಲು ಹಳಿ, ಎರಡೂ ಕಡೆ ಕಡಿದಾದ ಬಂಡೆ. ಜಾಗ ಸಾಲದೆ ಎಷ್ಟೋ ಕಡೆ ಹೆದ್ದಾರಿಯನ್ನು ಕಂಬಗಳ ಮೇಲೆ ಎತ್ತಿ ಕಟ್ಟಿದ್ದಾರೆ. ಕೆಲಸ ಮುಗಿದದ್ದು 1992ರಲ್ಲಿ.

2020ರ ಆಗಸ್ಟ್‌ನಲ್ಲಿ ಹೊತ್ತಿದ ಗ್ರಿಜ್ಲಿ ಕ್ರೀಕ್ ಕಾಡ್ಗಿಚ್ಚು ಅಲ್ಲಿನ 32,000 ಎಕರೆಗೂ ಹೆಚ್ಚು ಕಾಡನ್ನು ಸುಟ್ಟಿತು. ಸುಟ್ಟ ಮಣ್ಣು ನೀರು ಹೀರುವುದಿಲ್ಲ, ಹಿಡಿದುಕೊಳ್ಳಲು ಬೇರೂ ಇರುವುದಿಲ್ಲ. ಮರುವರ್ಷ ಜುಲೈ ಮಳೆಗೆ ಕೆಸರು, ಕಲ್ಲು, ಮರದ ದಿಮ್ಮಿ ಎಲ್ಲ ರಸ್ತೆಗೆ ಇಳಿಯತೊಡಗಿದವು. 2021ರ ಜುಲೈ 29ರ ರಾತ್ರಿ ನೂರಕ್ಕೂ ಹೆಚ್ಚು ಜನ ಕಣಿವೆಯೊಳಗೇ ಸಿಕ್ಕಿಬಿದ್ದರು. ಕೆಲವರು ಹೆದ್ದಾರಿಯ ಸುರಂಗದಲ್ಲೇ ರಾತ್ರಿ ಕಳೆದರು. ನಾನು ಆ ದಾರಿ ಹಿಡಿದದ್ದು ಮರುದಿನ ಬೆಳಿಗ್ಗೆ.

ಕ್ಯಾಲಿಫೋರ್ನಿಯಾದಲ್ಲಿ ಹೊಸ ಕೆಲಸ ಸಿಕ್ಕಿ ಷಿಕಾಗೊದಿಂದ ಒಬ್ಬಳೇ ಕಾರಿನಲ್ಲಿ ಹೊರಟಿದ್ದೆ. ಹಿಂದಿನ ಸೀಟಿನ ತುಂಬ ಕುಕ್ಕರು, ಮಿಕ್ಸಿ, ಬಟ್ಟೆಯ ಗಂಟು. ಆ ತಿಂಗಳಿಡೀ ಕಣಿವೆ ರಸ್ತೆ ಮುಚ್ಚುವುದು, ಕೆಲವು ಗಂಟೆಗಳಲ್ಲಿ ತೆರೆಯುವುದು ನಡೆದೇ ಇತ್ತು. ಡೆನ್ವರ್‌ನ ಮೋಟೆಲಿನವರೂ ‘ಮಧ್ಯಾಹ್ನಕ್ಕೆ ಬಿಡ್ತಾರೆ’ ಅಂದರು.

ಬಿಡಲಿಲ್ಲ. ಜಿಪ್ಸಮ್ ಎಂಬ ಊರಿನ ಹತ್ತಿರ ಎಲ್ಲರನ್ನೂ ಹೆದ್ದಾರಿಯಿಂದ ಇಳಿಸಿದರು. ಫೋನಿನ ನಕ್ಷೆ ಕೂಡಲೇ ಹೊಸ ದಾರಿ ತೋರಿಸಿತು: ಕಾಟನ್‌ವುಡ್ ಪಾಸ್ ಮೇಲಿಂದ ಕಾರ್ಬನ್‌ಡೇಲ್‌ಗೆ. ರಸ್ತೆಯ ಬಾಯಲ್ಲೇ ನಿಂತಿದ್ದ ಪೊಲೀಸಿನವನು ನನ್ನ ಕಾರು, ಹಿಂದಿನ ಸಾಮಾನು ಎರಡನ್ನೂ ನೋಡಿದ. ‘ಮುಂದೆ ಮಣ್ಣು ರಸ್ತೆ, ಪಕ್ಕದಲ್ಲಿ ಪ್ರಪಾತ. ಎದುರಿಗೆ ಗಾಡಿ ಬಂದ್ರೆ ಇಬ್ಬರಲ್ಲಿ ಒಬ್ರು ರಿವರ್ಸ್ ಹೋಗ್ಬೇಕು. ಬೆಳಗಿನಿಂದ ಅದನ್ನೇ ಬಿಡಿಸ್ತಾ ಇದ್ದೀವಿ. ವೋಲ್ಕಾಟ್‌ಗೆ ವಾಪಸ್ ಹೋಗಿ, ಉತ್ತರಕ್ಕೆ ತಿರುಗಿ’ ಅಂದ.

ನಾನು ಸಕಲೇಶಪುರದವಳು. ಮಳೆಗಾಲದಲ್ಲಿ ಶಿರಾಡಿ ಘಾಟಿ ಬಂದ್ ಆದರೆ ಚಾರ್ಮಾಡಿ, ಅದೂ ಇಲ್ಲದಿದ್ದರೆ ಸಂಪಾಜೆ ಎಂದು ಲೆಕ್ಕ ಹಾಕಿ ಬೆಳೆದವಳು. ಆದರೆ ಈ ಸುತ್ತಿನ ಲೆಕ್ಕವೇ ಬೇರೆ. ಜಿಪ್ಸಮ್‌ನಿಂದ ಕಣಿವೆಯಾಚೆಯ ರೈಫಲ್ ಊರಿಗೆ ಹೆದ್ದಾರಿಯಲ್ಲಿ ಐವತ್ತು ಮೈಲಿ. ಸುತ್ತು ದಾರಿ ಹೀಗೆ: ಹದಿನೇಳು ಮೈಲಿ ಹಿಂದಕ್ಕೆ ವೋಲ್ಕಾಟ್, ಅಲ್ಲಿಂದ ಸ್ಟೀಮ್‌ಬೋಟ್ ಸ್ಪ್ರಿಂಗ್ಸ್, ಕ್ರೇಗ್, ಮೀಕರ್, ಆಮೇಲೆ ರೈಫಲ್. ಒಟ್ಟು ಇನ್ನೂರು ಮೈಲಿ ದಾಟುತ್ತದೆ.

ವೋಲ್ಕಾಟ್‌ನಿಂದ ಉತ್ತರಕ್ಕೆ ಹೋಗುವ 131ನೇ ರಸ್ತೆಗೆ ಎರಡೇ ಲೇನು. ಅಗಲವಾದ ಹೆದ್ದಾರಿಯ ಲಾರಿಗಳೆಲ್ಲ ಅದರೊಳಕ್ಕೇ ನುಗ್ಗಿದ್ದವು. ಸ್ಟೇಟ್ ಬ್ರಿಡ್ಜ್ ಹತ್ತಿರ, ನದಿಯ ಕಡೆ ಇಳಿಯುವ ತಿರುವಿನಲ್ಲಿ ಉದ್ದನೆಯ ಟ್ರೇಲರ್ ಒಂದು ಅಡ್ಡವಾಗಿ ಸಿಕ್ಕಿಕೊಂಡು ಸಾಲು ನಿಂತೇಹೋಯಿತು. ಫೋನಿಗೆ ಸಿಗ್ನಲ್ ಇಲ್ಲ. ಮೊದಲ ಗಂಟೆ ಮೊಸರನ್ನ ತಿಂದು ಕಳೆಯಿತು. ಎರಡನೆಯದರಲ್ಲಿ ನಿಜವಾದ ಕಷ್ಟ ಶುರುವಾಯಿತು. ಗಂಡಸರು ಬೇಲಿ ಪಕ್ಕಕ್ಕೆ ಹೋಗಿ ಬರುತ್ತಿದ್ದರು. ಹೆಂಗಸರಿಗೆ ಒಂದು ಮರದ ಮರೆಯೂ ಇಲ್ಲ. ಮೊಣಕಾಲೆತ್ತರದ ಒಣಪೊದೆ, ಅದರಾಚೆ ಮುಳ್ಳುತಂತಿ, ಮೇಲೂ ಕೆಳಗೂ ಗಾಡಿಗಳ ಸಾಲು. ನೀರು ಕುಡಿಯುವುದನ್ನೇ ಬಿಟ್ಟೆ. ಆ ಎತ್ತರದ ಬಿಸಿಲಿಗೆ ಬಾಯಿ ಒಣಗಿ ತಲೆ ಸಿಡಿಯತೊಡಗಿತು, ಹೊಟ್ಟೆ ಕಲ್ಲಿನಂತಾಯಿತು. ಸೀಟಿನಲ್ಲಿ ಕೂರಲಾರದೆ ಹೊರಗೆ ನಿಂತೆ, ನಿಲ್ಲಲಾರದೆ ಮತ್ತೆ ಕೂತೆ.

ನನ್ನ ಹಿಂದೆ ಒಂದು ಆರ್‌ವಿ ಇತ್ತು, ಒಳಗೇ ಮಂಚ, ಒಲೆ, ಶೌಚಾಲಯ ಇರುವ ದೊಡ್ಡ ಗಾಡಿ. ಅದರಿಂದ ಇಳಿದ, ಎಪ್ಪತ್ತರ ಆಸುಪಾಸಿನ ಹೆಂಗಸು ನನ್ನ ಕಿಟಕಿ ತಟ್ಟಿ ‘ಬಾಮ್ಮ, ಒಳಗೆ ಬಾತ್‌ರೂಮ್ ಇದೆ’ ಎನ್ನುವ ಅರ್ಥದಲ್ಲಿ ಕರೆದಳು. ನಾನು ಕೇಳಿರಲೇ ಇಲ್ಲ. ಬೀರುವಿನಷ್ಟು ಅಗಲದ ಕೋಣೆ, ಬಾಗಿಲ ಹಿಂದೆ ಹಳೆಯ ಕ್ಯಾಲೆಂಡರು. ಹೊರಬಂದಾಗ ಅವಳು ಒಂದು ಲೋಟ ಉಪ್ಪು-ನಿಂಬೆ ನೀರು ಕೈಗಿಟ್ಟಳು. ಮುಂದಿನ ಕಾರಿನ ತಾಯಿ, ಮಗಳು, ಅದರ ಮುಂದಿನ ಪಿಕಪ್‌ನ ಹೆಂಗಸು, ಹೀಗೆ ಸಾಲಿನ ಎಲ್ಲ ಹೆಂಗಸರನ್ನೂ ಅವಳು ಒಬ್ಬೊಬ್ಬರನ್ನಾಗಿ ಕರೆದು ತಂದಳು. ಅವಳ ಗಂಡ ಮಾತ್ರ ಶೌಚಾಲಯದ ಟ್ಯಾಂಕ್ ತುಂಬುತ್ತದೆ ಎಂದು ಗೊಣಗುತ್ತಲೇ ಇದ್ದ.

ಟ್ರೇಲರ್ ಎಳೆದು ದಾರಿ ಬಿಟ್ಟಾಗ ಮಧ್ಯಾಹ್ನ ಇಳಿದಿತ್ತು. ಟೊಪೋನಸ್, ಯಾಂಪಾ, ಓಕ್ ಕ್ರೀಕ್ ದಾಟುವಾಗ ಗುಡುಗು ಮಳೆ ಹೊಡೆಯಿತು. ಕ್ರೇಗ್ ಕಲ್ಲಿದ್ದಲಿನ ಊರು. ಅಲ್ಲಿನ ಬಂಕ್‌ನಲ್ಲಿ ಪೆಟ್ರೋಲಿಗೆ ನಿಂತವರ ಸಾಲು ರಸ್ತೆಗೆ ಬಂದಿತ್ತು. ಅಂಗಡಿಯಲ್ಲಿ ಬ್ರೆಡ್ಡೂ ಉಳಿದಿರಲಿಲ್ಲ.

ಕ್ರೇಗ್‌ನಿಂದ ದಕ್ಷಿಣಕ್ಕೆ ಇಳಿಯುವ 13ನೇ ರಸ್ತೆ ಸೇರುವಷ್ಟರಲ್ಲಿ ಕತ್ತಲಾಯಿತು. ಜಿಂಕೆ, ಎಲ್ಕ್ ಅಡ್ಡ ಬರುವುದಕ್ಕೆ ಹೆಸರಾದ ರಸ್ತೆ ಅದು. ದೀಪವಿಲ್ಲ, ಊರಿಲ್ಲ. ಹೆಡ್‌ಲೈಟಿಗೆ ರಸ್ತೆಯಂಚಿನಲ್ಲಿ ಹಸಿರು ಕಣ್ಣುಗಳು ಜೋಡಿ ಜೋಡಿಯಾಗಿ ಕಾಣುತ್ತಿದ್ದವು. ಒಂದು ಲಾರಿಯ ಹಿಂದೀಪ ಹಿಡಿದು, ಸ್ಟೀರಿಂಗ್ ಬಿಗಿಯಾಗಿ ಹಿಡಿದು ನಿಧಾನಕ್ಕೆ ಓಡಿಸಿದೆ. ಮೀಕರ್ ದಾಟಿದ ಮೇಲೆ ಆ ಲಾರಿ ಒಮ್ಮೆಲೇ ಬ್ರೇಕ್ ಹಾಕಿತು. ಗುದ್ದಿದ ಜಿಂಕೆಯನ್ನು ಚಾಲಕ ಕಾಲು ಹಿಡಿದು ಪಕ್ಕಕ್ಕೆ ಎಳೆದ. ಅದಿನ್ನೂ ಉಸಿರಾಡುತ್ತಿತ್ತು. ನಾನು ಕಾರಿನಿಂದ ಇಳಿಯಲಿಲ್ಲ.

ರೈಫಲ್‌ನಲ್ಲಿ ಒಂದು ಕೋಣೆಯೂ ಖಾಲಿಯಿರಲಿಲ್ಲ. ಹೆದ್ದಾರಿ ಪಕ್ಕದ ವಿಶ್ರಾಂತಿ ತಾಣದಲ್ಲಿ ಲಾರಿಗಳ ನಡುವೆ ಕಾರು ನಿಲ್ಲಿಸಿ ಊರಿಗೆ ಫೋನ್ ಮಾಡಿದೆ. ಅಲ್ಲಿ ಮರುದಿನದ ಬೆಳಿಗ್ಗೆ ಹತ್ತು ಗಂಟೆ. ‘ಊಟ ಆಯ್ತೇನೇ?’ ಅಂದರು ಅಮ್ಮ. ಆಯ್ತು ಅಂದೆ. ಪಕ್ಕದಿಂದ ಅಣ್ಣ ಫೋನ್ ಕಸಿದು ‘ಗಾಡಿ ಡೋರ್ ಲಾಕ್ ಮಾಡ್ಕೊಂಡು ಮಲ್ಕೊ, ಕಿಟಕಿ ಒಂದ್ ಬೆರಳಷ್ಟು ಬಿಡು’ ಅಂದ. ಕುಕ್ಕರಿಗೆ ತಲೆ ತಾಗಿಸಿಕೊಂಡು ಬೆಳಗಿನವರೆಗೆ ಹೊರಳಾಡಿದೆ.

ಮುಂದಿನ ದಿನಗಳಲ್ಲಿ ಕಣಿವೆಗೆ ಇನ್ನಷ್ಟು ಕೆಸರು ಇಳಿದು ರಸ್ತೆಯೇ ಕಿತ್ತುಹೋಯಿತು. ಅದು ಮತ್ತೆ ಸಂಚಾರಕ್ಕೆ ತೆರೆದದ್ದು ಆಗಸ್ಟ್ 14ರಂದು. ಜುಲೈ, ಆಗಸ್ಟ್‌ನಲ್ಲಿ ಆ ಕಡೆ ಹೋಗುವ ನಮ್ಮವರು ಡೆನ್ವರ್ ಬಿಡುವ ಮೊದಲೇ ರಾಜ್ಯದ ಸಾರಿಗೆ ಇಲಾಖೆಯ ಪ್ರಕಟಣೆ ನೋಡಿಕೊಳ್ಳಿ, ಅರ್ಧ ಟ್ಯಾಂಕಿಗಿಂತ ಕೆಳಗೆ ಪೆಟ್ರೋಲ್ ಇಳಿಯಲು ಬಿಡಬೇಡಿ. ಫೋನು ಮಣ್ಣು ರಸ್ತೆ ತೋರಿಸಿದರೆ, ಅಲ್ಲಿ ನಿಂತ ಪೊಲೀಸಿನವರನ್ನು ಕೇಳಿ ಹೋಗಿ.