ತೊಟ್ಟಿಯೊಳಗಿನ ಹವಳ

ಶ್ರಾವಕನ ಅಹಿಂಸಾಣುವ್ರತಕ್ಕೆ ತಗುಲಬಹುದಾದ ದೋಷಗಳನ್ನು ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಐದಾಗಿ ಎಣಿಸಿದ್ದಾರೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನನೀರನ್ನು ತಡೆಯುವುದು. ಸ್ವಾಧ್ಯಾಯದಲ್ಲಿ ಈ ಭಾಗ ಬಂದಾಗ ಎತ್ತು, ಕುದುರೆ, ಪಂಜರದ ಗಿಳಿಗಳ ಉದಾಹರಣೆಯನ್ನು ಕೊಡುವುದು ವಾಡಿಕೆ. ಸಮುದ್ರದ ಹವಳಕ್ಕೂ ಈ ಐದು ಮಾತುಗಳು ಅನ್ವಯಿಸಬಹುದೆಂಬ ವಿಚಾರ ಕಾರ್ಕಳದ ಕಡೆಯ ಒಬ್ಬ ವೃದ್ಧೆಗೆ ಹೊಳೆದದ್ದು ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮಗನ ಮನೆಯಲ್ಲಿ.

ಆಕೆ ಆರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗಿದ್ದರು. ಶಾಲೆಯಲ್ಲಿ ಓದುತ್ತಿದ್ದ ಮೊಮ್ಮಗನು ತನ್ನ ಕೋಣೆಯಲ್ಲಿ ಸುಮಾರು 75 ಲೀಟರ್ ನೀರು ಹಿಡಿಯುವ ಗಾಜಿನ ತೊಟ್ಟಿಯೊಂದನ್ನು ಇಟ್ಟಿದ್ದನು. ಅದರಲ್ಲಿ ಮೀನುಗಳಿರಲಿಲ್ಲ; ನೀಲಿ ಬೆಳಕಿನ ಕೆಳಗೆ, ಬಿಲ್ಲೆಗಳ ಮೇಲೆ ಅಂಟಿಸಿದ ಹವಳದ ತುಣುಕುಗಳಿದ್ದವು. ಶುದ್ಧೀಕರಿಸಿದ ನೀರಿಗೆ ಸಮುದ್ರದ ಉಪ್ಪಿನ ಮಿಶ್ರಣವನ್ನು ಲೀಟರಿಗೆ 35 ಗ್ರಾಂ ಲವಣಾಂಶ ಬರುವಂತೆ ಬೆರೆಸಬೇಕು. ಉಷ್ಣತೆಯನ್ನು 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯಬೇಕು. ಆವಿಯಾಗಿ ಹೋದಷ್ಟು ಸಿಹಿನೀರನ್ನು ದಿನವೂ ತುಂಬಬೇಕು. ಹವಳವು ತನ್ನ ಅಸ್ಥಿಪಂಜರವನ್ನು ಕಟ್ಟಲು ಬಳಸುವ ಸುಣ್ಣದಂಶವನ್ನು ಅಳೆದು ಸರಿದೂಗಿಸಬೇಕು. ಹೊಸ ತೊಟ್ಟಿಯ ನೀರಿನಲ್ಲಿ ವಿಷಕಾರಿ ಅಮೋನಿಯವನ್ನು ನೈಟ್ರೈಟಾಗಿಯೂ ಅದನ್ನು ನೈಟ್ರೇಟಾಗಿಯೂ ಮಾರ್ಪಡಿಸುವ ಸೂಕ್ಷ್ಮಾಣುಗಳು ನೆಲೆಯೂರಲು ನಾಲ್ಕರಿಂದ ಆರು ವಾರಗಳು ಬೇಕು. ಹಿಂದೆ ಅನೇಕರು ಈ ಅವಧಿಯಲ್ಲಿ ಗಟ್ಟಿಜೀವದ ಮೀನೊಂದನ್ನು ಬಿಟ್ಟು, ಅದು ಬದುಕಿತೋ ಸತ್ತಿತೋ ಎಂದು ನೋಡುತ್ತಿದ್ದರು. ಹುಡುಗನು ಹಾಗೆ ಮಾಡದೆ, ಸೀಸೆಯಿಂದ ಅಮೋನಿಯದ ಹನಿಗಳನ್ನು ಹಾಕಿ, ಬರಿಯ ತೊಟ್ಟಿಯನ್ನು ತಾಳ್ಮೆಯಿಂದ ಕಾದಿದ್ದನು. ತಾನು ಜೈನನ ಮನೆಯ ಮಗನೆಂಬ ಎಚ್ಚರ ಅವನಿಗೆ ಇತ್ತೆನ್ನಬೇಕು.

ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವ ಅಜ್ಜಿಗೆ ಸಂಜೆ ಬಿಡುವು. ತೊಟ್ಟಿಯ ಮುಂದೆ ಕುಳಿತು ಜಪ ಮಾಡುವುದು ರೂಢಿಯಾಯಿತು. ದೀಪವಾರಿದ ಮೇಲೆ ಕೆಲವು ಹವಳಗಳು ಎಳೆಯಂತಹ ಬೆರಳುಗಳನ್ನು ಚಾಚುವುದನ್ನೂ, ಏನಾದರೂ ತಗುಲಿದೊಡನೆ ಒಳಗೆಳೆದುಕೊಳ್ಳುವುದನ್ನೂ ಆಕೆ ಕಂಡರು. ಆಗಮದ ಎಣಿಕೆಯಲ್ಲಿ ಪ್ರವಾಳವು ಪೃಥ್ವೀಕಾಯದ ಸಾಲಿನಲ್ಲಿ ಬರುತ್ತದೆ. ಶಂಖ, ಚಿಪ್ಪುಗಳು ದ್ವೀಂದ್ರಿಯಗಳು. ಮೊಮ್ಮಗನ ಪುಸ್ತಕವಾದರೋ ಹವಳವನ್ನು ಪ್ರಾಣಿಯೆಂದೇ ಹೇಳುತ್ತಿತ್ತು. ಯುರೋಪಿನಲ್ಲಿಯೂ ಅದನ್ನು ಬಹುಕಾಲ ಗಿಡವೆಂದೇ ಬಗೆಯಲಾಗಿತ್ತು. 18ನೆಯ ಶತಮಾನದ ಪೂರ್ವಾರ್ಧದಲ್ಲಿ ಪೆಯ್ಸೊನೆಲ್ ಎಂಬ ಫ್ರೆಂಚ್ ವೈದ್ಯನು ಅದು ಪ್ರಾಣಿಯೆಂದು ವಾದಿಸಿದಾಗ ವಿದ್ವಾಂಸರು ಸುಲಭವಾಗಿ ಒಪ್ಪಲಿಲ್ಲ. ದಿಬ್ಬ ಕಟ್ಟುವ ಹವಳದ ಪಾಲಿಪಿನ ದೇಹದೊಳಗೆ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಪಾಚಿಯು ಬೆಳಕಿನಿಂದ ಆಹಾರ ತಯಾರಿಸಿ ಕೊಡುತ್ತದೆ, ಹವಳವು ಆಶ್ರಯ ನೀಡುತ್ತದೆ. ಜೀವಗಳ ಉಪಕಾರ ಪರಸ್ಪರವಾದುದೆಂಬ ಸೂತ್ರದ ಮಾತು ಅಜ್ಜಿಗೆ ಇಲ್ಲಿ ಕಣ್ಣಿಗೆ ಕಾಣುವಂತಾಯಿತು.

ಪೃಥ್ವೀಕಾಯವೋ ತ್ರಸವೋ ಎಂಬುದು ಬರಿಯ ತರ್ಕದ ಪ್ರಶ್ನೆಯಲ್ಲ. ಸ್ಥಾವರ ಜೀವಗಳ ವಿಷಯದಲ್ಲಿ ಗೃಹಸ್ಥನಿಗೆ ಅನಿವಾರ್ಯದಷ್ಟು ಸಡಿಲಿಕೆಯುಂಟು. ತ್ರಸಜೀವದ ಸಂಕಲ್ಪೀ ಹಿಂಸೆಗೆ ಯಾವ ಸಡಿಲಿಕೆಯೂ ಇಲ್ಲ. ಅಜ್ಜಿ ವಿವಾದಕ್ಕೆ ಹೋಗಲಿಲ್ಲ. "ಸಂದೇಹವಿರುವಲ್ಲಿ ಹೆಚ್ಚಿನ ದಯೆಯ ಪಕ್ಷವನ್ನು ಹಿಡಿದರೆ ನಷ್ಟವೇನು?" ಎಂದಷ್ಟೇ ಕೇಳಿದರು.

ಒಂದು ಭಾನುವಾರ ಹುಡುಗನು ಕೈಗವಸು, ಕನ್ನಡಕ ಧರಿಸಿ, ಎಲುಬು ಕತ್ತರಿಸುವ ಇಕ್ಕಳದಂತಹ ಉಪಕರಣದಿಂದ ಹವಳದ ಕೊಂಬೆಯೊಂದನ್ನು ತುಂಡರಿಸಿ, ಅಂಟು ಹಚ್ಚಿ, ಹೊಸ ಬಿಲ್ಲೆಗಳ ಮೇಲೆ ಕೂರಿಸಿದನು. ಕೆಲವು ವಾರಗಳಲ್ಲಿ ಒಂದೊಂದು ತುಂಡೂ ಬೇರೆ ಬೇರೆ ಹವಳವಾಗಿ ಬೆಳೆಯುವುದು. ಅವನ್ನು ಇತರ ಹವ್ಯಾಸಿಗಳಿಗೆ ಮಾರುವುದು. ಅಜ್ಜಿ ಬೆರಳು ಮಡಿಸಿ ಎಣಿಸಿದರು: "ಗಾಜಿನೊಳಗಿರಿಸಿದ್ದು ಬಂಧ. ಇದು ಛೇದ. ನೀನು ಮರೆತ ದಿನ ಅನ್ನಪಾನನಿರೋಧ. ಐದರಲ್ಲಿ ಮೂರಾಯಿತಲ್ಲ, ಮಗೂ."

ಹುಡುಗನ ಉತ್ತರ ಹಗುರವಾದುದಾಗಿರಲಿಲ್ಲ. ಸಮುದ್ರದಲ್ಲಿಯೂ ಅಲೆಯ ಹೊಡೆತಕ್ಕೆ ಮುರಿದ ಕೊಂಬೆಗಳು ಹೊಸ ಹವಳಗಳಾಗುತ್ತವೆ. ಮನೆಯಲ್ಲಿ ಬೆಳೆದ ತುಂಡನ್ನು ಕೊಂಡವನು ಸಮುದ್ರದಿಂದ ಕಿತ್ತುದನ್ನು ಕೊಳ್ಳಲಾರ. ಫ್ಲೋರಿಡಾದಲ್ಲಿ ವಿಜ್ಞಾನಿಗಳು ಹೀಗೆಯೇ ತುಂಡರಿಸಿ ಬೆಳೆಸಿದ ಹವಳವನ್ನು ನಶಿಸಿದ ದಿಬ್ಬಗಳ ಮೇಲೆ ನೆಡುತ್ತಿದ್ದಾರೆ. 2023ರ ಬೇಸಿಗೆಯಲ್ಲಿ ಸಮುದ್ರವೇ ಕಾದಾಗ ಅಂತಹ ಸಸಿಗಳನ್ನು ದಡದ ತೊಟ್ಟಿಗಳಿಗೆ ಸಾಗಿಸಿ ಉಳಿಸಿಕೊಂಡರು. 2024ರ ಏಪ್ರಿಲಿನಲ್ಲಿ ಹವಳಗಳು ಬಿಳಿಚಿಕೊಳ್ಳುವ ನಾಲ್ಕನೆಯ ಜಾಗತಿಕ ವಿಪತ್ತನ್ನು ಘೋಷಿಸಲಾಯಿತು. ಬಿಸಿ ಹೆಚ್ಚಿದಾಗ ಹವಳವು ಒಳಗಿನ ಪಾಚಿಯನ್ನು ಹೊರದೂಡಿ, ಬಿಳಿಯಾಗಿ, ಹಸಿವಿನಿಂದ ಸೊರಗುತ್ತದೆ.

ಅಜ್ಜಿ ಕೇಳಿದರು: "ನಿನ್ನ ಈ ಹವಳವನ್ನು ಸಮುದ್ರಕ್ಕೆ ಮರಳಿಸುವೆಯಾ?" ಹಾಗೆ ಮಾಡುವಂತಿಲ್ಲವೆಂದು ಅವನು ಒಪ್ಪಬೇಕಾಯಿತು. ತೊಟ್ಟಿಯ ರೋಗಗಳೂ ಪರಕೀಯ ಜೀವಗಳೂ ಸಮುದ್ರಕ್ಕೆ ಸೇರಿದರೆ ಹಾನಿ. ಬಾವಿಯ ನೀರನ್ನು ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮರಳಿಸುವುದು ಆಕೆ ಬಾಲ್ಯದಿಂದ ಕಂಡ ಆಚಾರ. ಮರಳಿ ಹೋಗಲು ನೆಲೆಯಿಲ್ಲದ ಜೀವವನ್ನು ಮನೆಗೆ ತಂದವನ ಹೊಣೆ ಎಷ್ಟು ದೊಡ್ಡದೆಂದು ಆಕೆ ಹೇಳಿದರು. ಊರಿನ ಬಂಧುವೊಬ್ಬನಿಗೂ ಒಂದು ತುಂಡು ಕಳುಹಿಸಬೇಕೆಂಬ ಹುಡುಗನ ಆಸೆಗೆ ಕಾನೂನಿನದೇ ಅಡ್ಡಿ ಇತ್ತು: ದಿಬ್ಬ ಕಟ್ಟುವ ಹವಳಗಳನ್ನು ಭಾರತವು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಿ, ಹುಲಿಗಿರುವಂತಹ ರಕ್ಷಣೆಯನ್ನು ನೀಡಿತು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳವಿದೆಯೆಂಬುದು ಕರಾವಳಿಯಲ್ಲೇ ಬಾಳಿದ ಅಜ್ಜಿಗೆ ಅಂದೇ ತಿಳಿದದ್ದು.

ಆಗ ಹುಡುಗನು, ಉದ್ಧಟತನದಿಂದಲ್ಲ, ಒಂದು ಮಾತು ಕೇಳಿದನು: "ಅಜ್ಜಿ, ನಿಮ್ಮ ಕೈಯಲ್ಲಿರುವುದೇನು?"

ಆಕೆಯ ಕೈಯಲ್ಲಿದ್ದುದು ಅತ್ತೆಯಿಂದ ಬಂದ ಕೆಂಪು ಹವಳದ ಜಪಮಾಲೆ, ನೂರೆಂಟು ಮಣಿಗಳು. ನಲವತ್ತು ವರ್ಷ ಆ ಮಣಿಗಳ ಮೇಲೆಯೇ ಪಂಚನಮಸ್ಕಾರ ನಡೆದಿತ್ತು. ಆ ಕೆಂಪು ಹವಳವು ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದ ತಳದ್ದು. ಇಟಲಿಯ ನೇಪಲ್ಸ್ ಬಳಿಯ ತೋರೆ ದೆಲ್ ಗ್ರೆಕೊ ಪಟ್ಟಣದ ಕುಶಲಕರ್ಮಿಗಳು ಅದನ್ನು ಕೊರೆದು ಹೊಳಪಿಸುವುದರಲ್ಲಿ ಹೆಸರಾದವರು. ಅದರ ಕೊಂಬೆ ವರ್ಷಕ್ಕೆ ಒಂದು ಮಿಲಿಮೀಟರಿನಷ್ಟೂ ದಪ್ಪವಾಗುವುದಿಲ್ಲ. ಒಂದು ಮಣಿಯ ಗಾತ್ರಕ್ಕೆ ಹತ್ತಾರು ವರ್ಷಗಳ ಜೀವ. ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಮರುದಿನದಿಂದ ಆಕೆಯ ಕೈಯಲ್ಲಿ ನೂಲಿನ ಮಾಲೆ ಇತ್ತು. ಹವಳದ ಮಾಲೆಯನ್ನು ಮಾರಬಹುದಲ್ಲ ಎಂದು ಸೊಸೆ ಸೂಚಿಸಿದಾಗ, "ದೋಷವನ್ನು ಬೆಲೆ ಕಟ್ಟಿ ಇನ್ನೊಬ್ಬರಿಗೆ ಕೊಡುವುದೇ?" ಎಂದು ಪೆಟ್ಟಿಗೆಯೊಳಗಿರಿಸಿದರು.

ಜನವರಿಯಲ್ಲಿ ಹಿಮಗಾಳಿ ಬೀಸಿ ವಿದ್ಯುತ್ ನಿಂತಿತು. ಹದಿನಾಲ್ಕು ಗಂಟೆ ಮನೆ ತಣ್ಣಗಾಗುತ್ತ ಹೋಯಿತು. ಬ್ಯಾಟರಿಯ ಗಾಳಿಯಂತ್ರವು ನೀರನ್ನು ಆಡಿಸುತ್ತಿತ್ತು. ಉಷ್ಣತೆ 19 ಡಿಗ್ರಿಗೆ ಇಳಿಯಿತು. ತನಗೆ ಹೊದೆಸಿದ್ದ ಕಂಬಳಿಯನ್ನು ತೆಗೆದು ತೊಟ್ಟಿಗೆ ಸುತ್ತಿದವರು ಅಜ್ಜಿಯೇ. ಗ್ಯಾಸಿನ ಒಲೆಯಲ್ಲಿ ಕಾಸಿದ ನೀರನ್ನು ಸೀಸೆಗಳಲ್ಲಿ ತುಂಬಿ ತೊಟ್ಟಿಯಲ್ಲಿ ತೇಲಿಬಿಡುತ್ತ ಅಜ್ಜಿ ಮೊಮ್ಮಗ ಇಬ್ಬರೂ ಬೆಳಗಿನವರೆಗೆ ಎಚ್ಚರವಿದ್ದರು. ಆದರೂ ಹೊಸದಾಗಿ ಕತ್ತರಿಸಿದ ಮೂರು ತುಂಡುಗಳು ಮುಂದಿನ ದಿನಗಳಲ್ಲಿ ಮಾಂಸ ಕಳಚಿ ಬಿಳಿಯಾದವು. ಗಾಯ ಮಾಯದವುಗಳಿಗೇ ಚಳಿ ಮೊದಲು ತಗುಲಿತ್ತು. ಹುಡುಗನು ಅವನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಂತನು. ಅಜ್ಜಿ ಅವನನ್ನು ನಿಂದಿಸಲಿಲ್ಲ.

ಆ ಬಳಿಕ ಅವನು ಕೆಲವು ನಿಯಮಗಳನ್ನು ತಾನೇ ಬರೆದುಕೊಂಡನು. ಸಮುದ್ರದಿಂದ ಕಿತ್ತ ಹವಳವನ್ನು ತರುವುದಿಲ್ಲ. ಹೊಸ ತೊಟ್ಟಿ ಇಡುವುದಿಲ್ಲ. ಹಣಕ್ಕಾಗಿ ಕತ್ತರಿಸುವುದಿಲ್ಲ. ಬೆಳೆದ ಹವಳವು ನೆರೆಯದನ್ನು ತಾಗಿದರೆ ಕುಟುಕಿ ಕೊಲ್ಲುವುದುಂಟು. ಸ್ಥಳಾಂತರಿಸಿಯೂ ಆಗದಿದ್ದಾಗ ಮಾತ್ರ ಕತ್ತರಿ, ಆ ತುಂಡು ಸಾಕಬಲ್ಲವನಿಗೆ ಉಚಿತ. ಮೊಟ್ಟೆಯೊಡೆದು ಬಂದ ಸಣ್ಣ ಸೀಗಡಿಗಳನ್ನು ಹವಳಕ್ಕೆ ಉಣಿಸುವ ರೂಢಿ ಹವ್ಯಾಸಿಗಳಲ್ಲಿದೆ. ಬೆಳಕಿನಿಂದಲೇ ಬದುಕಬಲ್ಲ ಜಾತಿಗಳನ್ನಷ್ಟೇ ಇರಿಸಿಕೊಂಡು ಅದನ್ನೂ ಬಿಟ್ಟನು. ಇದರಿಂದ ದೋಷ ಪೂರ್ತಿ ತೊಲಗಿತೆಂದು ಅವನೂ ಹೇಳಲಿಲ್ಲ, ಅಜ್ಜಿಯೂ ಹೇಳಲಿಲ್ಲ. ಬಂಧವು ಬಂಧವಾಗಿಯೇ ಉಳಿಯಿತು. ತೊಟ್ಟಿಯನ್ನು ಮುಚ್ಚಿದರೆ ಅದು ವಧವಾಗುತ್ತಿತ್ತು.

ಅಜ್ಜಿ ಹೊರಡುವ ಮುನ್ನ ಅಲ್ಲಿಯ ಜಿನಮಂದಿರದ ವಿಶ್ವಸ್ತರೊಬ್ಬರು ಮನೆಗೆ ಬಂದು, ಪಾಠಶಾಲೆಯ ಮಕ್ಕಳ ಸಂತೋಷಕ್ಕಾಗಿ ಇಂತಹದೊಂದು ತೊಟ್ಟಿಯನ್ನು ಸಭಾಂಗಣದಲ್ಲಿ ಇರಿಸುವ ಇಚ್ಛೆ ತೋರಿದರು. ಹುಡುಗನೇ ಉತ್ತರಿಸಿದನು: "ವಾರದಲ್ಲಿ ಐದು ದಿನ ಅಲ್ಲಿ ಯಾರೂ ಇರುವುದಿಲ್ಲ. ವಿದ್ಯುತ್ ಹೋದರೆ ಕಂಬಳಿ ಹೊದೆಸುವವರು ಯಾರು?" ವಿಶ್ವಸ್ತರು ಆ ವಿಚಾರವನ್ನು ಅಲ್ಲಿಗೇ ಬಿಟ್ಟರು.

ಈಗ ಅಜ್ಜಿ ಕಾರ್ಕಳದಲ್ಲಿದ್ದಾರೆ. ಭಾನುವಾರ ದೂರವಾಣಿಯಲ್ಲಿ ಮಗನ ಯೋಗಕ್ಷೇಮ ವಿಚಾರಿಸುವ ಮೊದಲು, ಅಲ್ಲಿ ಹಿಮ ಬೀಳುತ್ತಿದೆಯೇ, ವಿದ್ಯುತ್ ಇದೆಯೇ ಎಂದು ಕೇಳುತ್ತಾರೆ.